ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಬೇಕಾ, ಮುಚ್ಚಿಡಬೇಕಾ?

ತೋಪಿನಮನೆ, ಶ್ರೀನಿವಾಸಪುರ:

ಹತ್ತಿರದ ಒಂದು ಮನೆಯ ವಿಷಯ, ಹೆಸರು ಬೇಡ. ಅರವತ್ತು ದಾಟಿದ ಹೆಂಗಸು. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು, ರಾತ್ರಿ ದವಡೆಯಲ್ಲಿಟ್ಟುಕೊಂಡೇ ಮಲಗುವ ಅಭ್ಯಾಸ. ಕೆನ್ನೆಯ ಒಳಗೆ ಹುಣ್ಣಾಗಿ ಮಾಯಲೇ ಇಲ್ಲ. ಚೂರು ತೆಗೆದು ಬಯಾಪ್ಸಿ ಮಾಡಿದರು, ಕ್ಯಾನ್ಸರ್ ಅಂತ ಬಂತು. ಆಪರೇಷನ್ ಮಾಡಿ ಆಮೇಲೆ ಕರೆಂಟ್ (ರೇಡಿಯೇಷನ್) ಕೊಡಬೇಕು ಅಂದಿದ್ದಾರೆ. ಗಂಡುಮಕ್ಕಳು "ಕೆಟ್ಟ ಹುಣ್ಣು, ಕೊಯ್ದು ತೆಗೆದರೆ ಸರಿಹೋಗತ್ತೆ" ಅಂತಷ್ಟೇ ಹೇಳಿದ್ದಾರೆ. ನಿಜ ಹೇಳಲೇಬೇಕು ಅಂತ ಮಗಳದು ಹಟ. ಆಸ್ಪತ್ರೆಗೆ ಕರ್ಕೊಂಡು ಓಡಾಡೋ ದೊಡ್ಡ ಸೊಸೆಯನ್ನು ಅತ್ತೆ ದಿನಾ ಕೇಳ್ತಾರೆ: "ನನಗೇನಾಗಿದೆಯಮ್ಮಾ, ನೀನಾದ್ರೂ ಹೇಳು." ಅವಳು ಏನು ಹೇಳಬೇಕು? ಹೇಳೋದಾದ್ರೆ ಯಾರು, ಯಾವಾಗ, ಯಾವ ಮಾತಲ್ಲಿ? ಈ ಕೆಲಸ ಗೊತ್ತಿರೋರು ದಯವಿಟ್ಟು ಬಿಡಿಸಿ ಬರೀರಿ.

ಬಿಳಿಸೀರೆ, ಕೋಲಾರ:

ಹೇಳಬೇಕೋ ಬೇಡವೋ ಅನ್ನೋದಕ್ಕೆ ಮುಂಚೆ, ಮುಚ್ಚಿಡೋಕೆ ಆಗತ್ತಾ ಅಂತ ನೋಡಿ. ಈ ಕಾಯಿಲೆಯಲ್ಲಿ ಆಗಲ್ಲ. ನಮ್ಮ ಕಡೆ "ಕಿದ್ವಾಯಿಗೆ (ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆ) ಬರೆದುಕೊಟ್ಟಿದ್ದಾರೆ" ಅಂದ ಕ್ಷಣವೇ ಅರ್ಧ ಊರಿಗೆ ವಿಷಯ ಗೊತ್ತಾಗಿರತ್ತೆ. ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಕಿಟಕಿಯಲ್ಲಿ ಕಾಗದ ತುಂಬುವಾಗ ಕಾಯಿಲೆಯ ಹೆಸರು ಬರುತ್ತೆ. ಪಕ್ಕದ ಹಾಸಿಗೆಯ ಹೆಂಗಸು "ನಿಮಗೆ ಯಾವ ಸ್ಟೇಜಂತೆ?" ಅಂತ ಕೇಳ್ತಾರೆ. ಫೈಲನ್ನು ಏಳನೇ ಕ್ಲಾಸಿನ ಮೊಮ್ಮಗ ಓದಿಬಿಡ್ತಾನೆ.

ಅದಕ್ಕಿಂತ ದೊಡ್ಡದು ಆಪರೇಷನ್. ಕೆನ್ನೆಯ ಕ್ಯಾನ್ಸರಿನಲ್ಲಿ ಎಷ್ಟೋ ಸಲ ದವಡೆ ಮೂಳೆಯ ಒಂದು ಭಾಗ ತೆಗೀತಾರೆ, ಕತ್ತಿನ ಗಂಟುಗಳನ್ನು ತೆಗೀತಾರೆ, ಎದೆಯಿಂದಲೋ ತೊಡೆಯಿಂದಲೋ ಮಾಂಸ ಚರ್ಮ ತಂದು ಮುಚ್ತಾರೆ. ಮೂಗಿನಲ್ಲಿ ಊಟದ ನಳಿಕೆ ಇರತ್ತೆ. "ಹುಣ್ಣು" ಅಂತ ಹೇಳಿ ಒಳಗೆ ಕಳಿಸಿದ ಮನುಷ್ಯರಿಗೆ ಎಚ್ಚರವಾಗಿ ಕನ್ನಡಿ ಕೈಗೆ ಸಿಕ್ಕಿದಾಗ ಮಕ್ಕಳ ಮೇಲಿನ ನಂಬಿಕೆ ಅಲ್ಲೇ ಮುರಿಯುತ್ತೆ. ಆಮೇಲೆ "ಕರೆಂಟ್ ಕೊಟ್ಟರೆ ವಾಸಿಯಾಗತ್ತಮ್ಮಾ" ಅಂತ ನಿಜವನ್ನೇ ಹೇಳಿದರೂ ನಂಬೋದಿಲ್ಲ. ವಾರ್ಡಿನಲ್ಲಿ ಊಟ ಬಿಡುವವರಲ್ಲಿ ಎಷ್ಟೋ ಜನ ಕಾಯಿಲೆಯ ಹೆಸರು ಕೇಳಿ ಬಿಟ್ಟವರಲ್ಲ. ಎಲ್ಲರೂ ಸೇರಿ ಏನೋ ಬಚ್ಚಿಡ್ತಿದ್ದಾರೆ ಅಂತ ಗೊತ್ತಾಗಿ, ಕೇಳೋಕೆ ಯಾರೂ ಇಲ್ಲದೆ ಬಿಟ್ಟವರು.

ಮಾವಿನಸುಗ್ಗಿ, ಚಿಂತಾಮಣಿ:

ಗಂಡುಮಕ್ಕಳ ಮಾತನ್ನೂ ಸ್ವಲ್ಪ ಕೇಳಿಸಿಕೊಳ್ಳಿ. ಅವರು ಮೋಸ ಮಾಡ್ತಿಲ್ಲ. ಕ್ಯಾನ್ಸರ್ ಅಂದರೆ ಸಾವು ಅಂತಲೇ ಹಳ್ಳಿಯಲ್ಲಿ ತಿಳ್ಕೊಂಡಿರೋದು, ಯಾಕಂದ್ರೆ ಅವರು ನೋಡಿರೋ ಕೇಸೆಲ್ಲಾ ತಡವಾಗಿ ಹೋದವು. ಹೆಸರು ಕೇಳಿದರೆ ಅಮ್ಮ "ಸಾಲ ಮಾಡಿ ನನಗೆ ಖರ್ಚು ಮಾಡಬೇಡಿ, ಮನೆಗೆ ಕರ್ಕೊಂಡು ನಡೀರಿ" ಅಂದುಬಿಡ್ತಾರೆ ಅನ್ನೋ ಹೆದರಿಕೆ ಸುಮ್ಮನೆ ಬಂದಿದ್ದಲ್ಲ. ಹಾಗೆ ಅನ್ನೋ ತಾಯಂದಿರು ಮನೆಮನೆಯಲ್ಲಿದ್ದಾರೆ. ಇನ್ನು, ಮನೆಯ ಹಿರಿಯರು "ನೀವೇ ನೋಡ್ಕೊಳ್ರಪ್ಪಾ, ನನಗ್ಯಾಕೆ ಅದೆಲ್ಲ" ಅಂದರೆ ಅದಕ್ಕೂ ಬೆಲೆ ಕೊಡಬೇಕಲ್ಲವಾ? ಪಟ್ಟಣದ ಪುಸ್ತಕದ ನಿಯಮ ತಂದು ಎಲ್ಲರ ತಲೆಗೂ ಹೇರೋದು ಸರಿಯಲ್ಲ.

ಓಪಿಡಿ ಟಿಪ್ಪಣಿ:

ಮಾವಿನಸುಗ್ಗಿಯವರೇ, ಕೊನೆಯ ಮಾತು ಒಪ್ಪುತ್ತೇನೆ. ತಿಳಿದುಕೊಳ್ಳುವುದು ರೋಗಿಯ ಹಕ್ಕು, ತಿಳಿಯದೆ ಇರುತ್ತೇನೆ ಅನ್ನುವುದೂ ಅವರ ಹಕ್ಕೇ. ಆದರೆ ಬೇಡ ಅಂತ ಅವರ ಬಾಯಲ್ಲೇ ಬರಬೇಕು, ಮಕ್ಕಳು ಊಹಿಸಿಕೊಂಡು ಹೇಳುವುದಲ್ಲ. ತೋಪಿನಮನೆಯವರು ಕೊಟ್ಟ ವಿವರದಲ್ಲಿ ಅತ್ತೆ ದಿನಾ ಕೇಳ್ತಿದ್ದಾರೆ. ಅವರಿಗೆ ಬೇಕು ಅಂತ ಗೊತ್ತಾಗೋಕೆ ಇನ್ನೇನು ಬೇಕು?

ಕೆಟ್ಟ ಸುದ್ದಿ ಹೇಳೋದಕ್ಕೆ ವೈದ್ಯರಿಗೆ ಕಲಿಸುವ ಒಂದು ಕ್ರಮವಿದೆ, ಸ್ಪೈಕ್ಸ್ ಅಂತ. ವಾಲ್ಟರ್ ಬೈಲ್, ರಾಬರ್ಟ್ ಬಕ್‌ಮನ್ ಮತ್ತು ಜೊತೆಗಾರರು 2000ರಲ್ಲಿ ಪ್ರಕಟಿಸಿದ್ದು, ಆರು ಹೆಜ್ಜೆ. ಅದನ್ನು ನಮ್ಮ ಮನೆಗಳಿಗೆ ಹೊಂದಿಸಿ ಬರೀತೀನಿ.

ಮೊದಲು ಜಾಗ. ಕಾರಿಡಾರಿನಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ಬೇಡ. ಅರ್ಧ ಗಂಟೆ ಯಾರೂ ಬರದ ಹೊತ್ತು ನೋಡಿ ಪಕ್ಕದಲ್ಲಿ ಕೂತ್ಕೊಳ್ಳಿ. ನಿಂತುಕೊಂಡು ಹೇಳಬೇಡಿ. ಇಬ್ಬರಿಗಿಂತ ಹೆಚ್ಚು ಜನ ಬೇಡ. ಆರು ಜನ ಸುತ್ತ ಕೂತರೆ ಹೇಳೋದಕ್ಕೆ ಮುಂಚೆಯೇ ಎದೆ ಒಡೆಯುತ್ತೆ.

ಎರಡನೆಯದು, ಅವರಿಗೆ ಈಗಾಗಲೇ ಏನು ಗೊತ್ತಿದೆ ಅಂತ ಕೇಳೋದು. "ಡಾಕ್ಟ್ರು ಏನಂದ್ರು ಅಂತ ನಿಮಗನ್ಸತ್ತೆ ಅತ್ತೆ?" ಇಷ್ಟೇ. ಕೇಳಿ ಸುಮ್ಮನಿರಿ. ಎಷ್ಟೋ ಸಲ ಅವರೇ "ಅದೇ ಇರಬೇಕು ಬಿಡು, ನನಗೆ ಗೊತ್ತು" ಅಂತಾರೆ. ಹಾಗಂದರೆ ನೀವು ಹೊತ್ತುಕೊಂಡಿದ್ದ ಕೆಲಸದ ಮುಕ್ಕಾಲು ಮುಗೀತು.

ಮೂರನೆಯದು ಅಪ್ಪಣೆ. "ರಿಪೋರ್ಟ್ ಬಂದಿದೆ. ಪೂರ್ತಿ ಹೇಳಲಾ, ಇಲ್ಲಾ ಮುಖ್ಯವಾದ್ದು ಮಾತ್ರ ಹೇಳಲಾ, ಇಲ್ಲಾ ನಿಮ್ಮ ದೊಡ್ಡ ಮಗನ ಹತ್ತಿರ ಮಾತಾಡಲಾ?" ಈ ಒಂದು ಪ್ರಶ್ನೆಯಿಂದ ಆ ಮನೆಯ ಜಗಳ ಮುಗಿಯುತ್ತೆ. ಮಗಳು ಗೆದ್ದಳಾ ಗಂಡುಮಕ್ಕಳು ಗೆದ್ದರಾ ಅನ್ನೋದು ಬರೋದೇ ಇಲ್ಲ, ತೀರ್ಮಾನ ಅಮ್ಮನದು. "ನೀವೇ ನೋಡ್ಕೊಳ್ಳಿ" ಅಂದರೆ ಅಷ್ಟಕ್ಕೇ ನಿಲ್ಲಿಸಿ, "ಯಾವಾಗ ಬೇಕಾದ್ರೂ ಕೇಳಿ, ಹೇಳ್ತೀನಿ" ಅಂತ ಬಾಗಿಲು ತೆರೆದಿಡಿ. ಒಂದು ವಾರ ಬಿಟ್ಟು ಮತ್ತೆ ಕೇಳಿ ನೋಡಿ, ಮನಸ್ಸು ಬದಲಾಗಿರಬಹುದು.

ನಾಲ್ಕನೆಯದು ಹೇಳೋದು. ಮೊದಲು ಒಂದು ಮುನ್ಸೂಚನೆ: "ಸುದ್ದಿ ಅಷ್ಟು ಚೆನ್ನಾಗಿಲ್ಲ ಅತ್ತೆ." ಉಸಿರು ತಗೊಳ್ಳೋಷ್ಟು ಹೊತ್ತು ಬಿಡಿ. "ಬಾಯಲ್ಲಿರೋದು ಕ್ಯಾನ್ಸರ್ ಗಡ್ಡೆ. ತೆಗೆಯೋಕೆ ಆಗತ್ತೆ ಅಂತ ಡಾಕ್ಟ್ರು ಹೇಳಿದ್ದಾರೆ." ಎರಡು ವಾಕ್ಯ, ಆಮೇಲೆ ನಿಲ್ಲಿಸಿ. ತಪ್ಪಾಗೋದು ಇಲ್ಲಿಯೇ: ಹೇಳುವವರಿಗೆ ಮೌನ ತಡೆಯೋಕಾಗದೆ ಸ್ಟೇಜು, ಖರ್ಚು, ಆಪರೇಷನ್ನು ಎಲ್ಲಾ ಒಂದೇ ಉಸಿರಲ್ಲಿ ಸುರೀತಾರೆ. "ಕ್ಯಾನ್ಸರ್" ಅನ್ನೋ ಮಾತು ಬಿದ್ದ ಮೇಲೆ ಕೇಳುವವರ ಕಿವಿಗೆ ಮುಂದಿನದು ಹೋಗೋದು ಕಮ್ಮಿ.

ಐದನೆಯದು ಅಳು, ಸಿಟ್ಟು, ಇಲ್ಲಾ ಏನೂ ಇಲ್ಲದ ಮೌನ. "ಅಳಬೇಡಿ, ಧೈರ್ಯವಾಗಿರಿ" ಅನ್ನಬೇಡಿ. ಕೈ ಹಿಡ್ಕೊಂಡು "ಕಷ್ಟ ಆಗತ್ತೆ ಅತ್ತೆ, ಗೊತ್ತು" ಅಂದರೆ ಸಾಕು. ಆರನೆಯದು ನಾಳೆಯ ಕೆಲಸ: ಯಾವ ದಿನ ಯಾರ ಜೊತೆ ಎಲ್ಲಿಗೆ ಹೋಗೋದು ಅಂತ ಅವತ್ತೇ ಹೇಳಿ ಎದ್ದೇಳಿ. ಮುಂದೇನು ಅಂತ ಗೊತ್ತಿಲ್ಲದ ರಾತ್ರಿಯೇ ಅತಿ ಕೆಟ್ಟದ್ದು.

ತೋಪಿನಮನೆ:

"ನಾನು ಬದುಕ್ತೀನಾ?" ಅಂತ ನೇರವಾಗಿ ಕೇಳಿದರೆ?

ಓಪಿಡಿ ಟಿಪ್ಪಣಿ:

"ಖಂಡಿತಾ" ಅಂತಲೂ ಬೇಡ, ತಿಂಗಳ ಲೆಕ್ಕವೂ ಬೇಡ. ಆಪರೇಷನ್ ಆಗಿ, ತೆಗೆದ ಗಡ್ಡೆ ಮತ್ತು ಕತ್ತಿನ ಗಂಟುಗಳ ವರದಿ ಬರುವ ತನಕ ವೈದ್ಯರೂ ಪೂರ್ತಿ ಹೇಳೋಕಾಗಲ್ಲ. ಇರುವ ನಿಜ ಇದು: "ವಾಸಿ ಮಾಡೋ ಉದ್ದೇಶದಿಂದಲೇ ಆಪರೇಷನ್ ಮಾಡ್ತಿದ್ದಾರೆ. ವರದಿ ಬಂದ ಮೇಲೆ ಇನ್ನೂ ಚೆನ್ನಾಗಿ ಗೊತ್ತಾಗತ್ತೆ. ಗೊತ್ತಾಗಿದ್ದನ್ನ ನಿಮಗೆ ಹೇಳ್ತೀನಿ." ವೈದ್ಯರು ವಾಸಿ ಮಾಡೋ ಉದ್ದೇಶ ಅಂತ ಹೇಳಿದ್ದರೆ ಮಾತ್ರ ಮೊದಲ ವಾಕ್ಯ ಬಳಸಿ, ಇದನ್ನು ಮೊದಲೇ ಅವರ ಹತ್ತಿರ ಕೇಳಿಟ್ಟುಕೊಳ್ಳಿ.

ದಸ್ತಾವೇಜು, ಮಾಲೂರು:

ಕಾನೂನಿನ ಕಡೆಯಿಂದ. ಪ್ರಜ್ಞೆ ಇರುವ ವಯಸ್ಕರ ಶರೀರಕ್ಕೆ ಮಾಡುವ ಆಪರೇಷನ್‌ಗೆ ಅವರದೇ ಒಪ್ಪಿಗೆ ಬೇಕು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ್ದು ಇದನ್ನೇ. ಅಲ್ಲಿ ರೋಗಿ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ದೊಡ್ಡ ಆಪರೇಷನ್ ಮಾಡಲಾಗಿತ್ತು; ತುರ್ತು ಪ್ರಾಣಾಪಾಯ ಇಲ್ಲದಿದ್ದಾಗ ಆ ಒಪ್ಪಿಗೆ ಸಾಲದು ಅಂತ ತೀರ್ಪಾಯಿತು. ಒಪ್ಪಿಗೆ ಅಂದರೆ ಏನು ಮಾಡ್ತಾರೆ, ಏನು ಅಪಾಯ, ಬೇರೆ ದಾರಿ ಏನಿದೆ ಅಂತ ತಿಳಿದು ಕೊಡೋದು. ಹಾಗಾಗಿ ಹುಣ್ಣು ಅಂತ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಕ್ಕೆ ಬಲವಿಲ್ಲ. ವೈದ್ಯರ ನಡವಳಿಕೆಯ 2002ರ ನಿಯಮಗಳಲ್ಲೂ ಕಾಯಿಲೆಯ ಗಂಭೀರತೆಯನ್ನು ಹಿಗ್ಗಿಸಲೂಬಾರದು, ಕುಗ್ಗಿಸಲೂಬಾರದು ಅಂತಿದೆ. "ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ" ಅಂತ ಬಾಗಿಲಲ್ಲಿ ಕೈಮುಗಿಯುವ ಮಕ್ಕಳು ವೈದ್ಯರನ್ನೂ ಇಕ್ಕಟ್ಟಿಗೆ ತರ್ತಾರೆ.

ಇನ್ನೊಂದು, ಜನ ಬಾಯಿಬಿಟ್ಟು ಹೇಳದ ವಿಷಯ: ಆಸ್ತಿ. ಅಮ್ಮನ ಹೆಸರಲ್ಲಿ ತೋಟವೋ ಸೈಟೋ ಇದ್ದು ವಿಷಯ ಮುಚ್ಚಿಟ್ಟರೆ, ತನ್ನ ಇಷ್ಟದಂತೆ ಬರೆದಿಡುವ ಅವಕಾಶವನ್ನೇ ಅವರಿಂದ ಕಿತ್ತುಕೊಂಡ ಹಾಗೆ. ಉಯಿಲಿಗೆ ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸೋದು ವಾಸಿ. ಪಾಲು ಪಡೆಯುವವರನ್ನೇ ಸಾಕ್ಷಿಗೆ ಹಾಕಬೇಡಿ. ಬಾಯಿ ಆಪರೇಷನ್ ಆದ ಮೇಲೆ ಮಾತು ತೊದಲುತ್ತೆ; "ಅವಳಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ" ಅಂತ ನಾಳೆ ಯಾರಾದರೂ ತಕರಾರು ತೆಗೆಯೋಕೆ ಅಷ್ಟು ಸಾಕು. ಬರೆಸೋದಿದ್ದರೆ ಮುಂಚೆ ಬರೆಸಿ, ಬುದ್ಧಿ ಸ್ಥಿಮಿತದಲ್ಲಿದೆ ಅಂತ ವೈದ್ಯರ ಪತ್ರ ಜೊತೆಗಿಡಿ. ಬ್ಯಾಂಕಿನ ನಾಮಿನಿ ಕೂಡ ಆಗಲೇ ನೋಡಿಕೊಳ್ಳಿ.

ವಾಸಿಯಾಗದ ಹಂತ ಬಂದಾಗ ಉಸಿರಾಟದ ಯಂತ್ರ ಬೇಕೋ ಬೇಡವೋ ಅಂತ ಮುಂಚೆಯೇ ಬರೆದಿಡಲು ಸುಪ್ರೀಂ ಕೋರ್ಟಿನ 2018ರ ತೀರ್ಪು ಅವಕಾಶ ಕೊಟ್ಟಿತು. 2023ರ ಜನವರಿಯಲ್ಲಿ ವಿಧಾನ ಸುಲಭವಾಯ್ತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಅಷ್ಟೇ. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ತನ್ನ ಕಾಯಿಲೆ ಏನು ಅಂತಲೇ ಗೊತ್ತಿಲ್ಲದವರು ಇದನ್ನೆಲ್ಲ ಬರೆಯೋದು ಹೇಗೆ?

ಬಿಳಿಸೀರೆ, ಕೋಲಾರ:

ಚಿಕಿತ್ಸೆಗೂ ಹೇಳೋದಕ್ಕೂ ಇರುವ ನೇರ ಸಂಬಂಧ ಬರೀಬೇಕು. ಮನೆಯವರ ಗಮನಕ್ಕೆ ಇದು ಬರೋದೇ ಇಲ್ಲ.

ಆಪರೇಷನ್ ಆಗಿ ಸಾಧ್ಯವಾದಷ್ಟೂ ಆರು ವಾರದೊಳಗೆ ಕರೆಂಟ್ ಶುರುವಾಗಬೇಕು. ಅದಕ್ಕೂ ಮುಂಚೆ ದಂತವೈದ್ಯರು ನೋಡಿ, ಕೆಟ್ಟ ಹಲ್ಲು ಕಿತ್ತು, ಗಾಯ ಮಾಯಲು ಹತ್ತು ಹದಿನೈದು ದಿನ ಬಿಡಬೇಕು. ಆಮೇಲೆ ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ, ಮುಖಕ್ಕೆ ಅಚ್ಚು ಹಾಕಿ ಮೇಜಿಗೆ ಬಿಗಿದು ಅಲುಗಾಡದಂತೆ ಮಲಗಿಸ್ತಾರೆ. ಎರಡು ಮೂರನೇ ವಾರದಿಂದ ಬಾಯೆಲ್ಲ ಹುಣ್ಣು, ಎಂಜಲು ಒಣಗತ್ತೆ, ರುಚಿ ಹೋಗತ್ತೆ. "ಹುಣ್ಣು ವಾಸಿ ಮಾಡೋಕೆ ಅಂತ ಕರ್ಕೊಂಡು ಬಂದು ಹುಣ್ಣು ಜಾಸ್ತಿ ಮಾಡ್ತಿದ್ದಾರೆ, ನಾನು ಬರಲ್ಲ" ಅಂತ ಅವರು ಅಂದರೆ ಅದರಲ್ಲಿ ಅವರ ತಪ್ಪೇನಿದೆ? ಮಧ್ಯದಲ್ಲಿ ಬಿಟ್ಟರೆ ಉಳಿದ ಕ್ಯಾನ್ಸರ್ ಕಣಗಳು ಆ ಬಿಡುವಿನಲ್ಲೇ ಬೆಳೀತವೆ, ಆಗಿದ್ದ ಲಾಭವೂ ಹೋಗತ್ತೆ. ಇದು ಗೊತ್ತಿರುವವರು ಹಲ್ಲು ಕಚ್ಚಿ ಮುಗಿಸ್ತಾರೆ.

ಹೊಗೆಸೊಪ್ಪಿನದೂ ಅದೇ ಕಥೆ. ಬರೀ ಹುಣ್ಣು ಅಂದುಕೊಂಡವರು ಮನೆಗೆ ಬಂದ ವಾರವೇ ಎಲೆ ಚೀಲ ಬಿಚ್ಚುತ್ತಾರೆ. ಚಿಕಿತ್ಸೆಯ ಜೊತೆ ಹೊಗೆಸೊಪ್ಪು ಮುಂದುವರಿದರೆ ಕರೆಂಟಿನ ಪರಿಣಾಮ ಕಮ್ಮಿ, ಬಾಯಿಹುಣ್ಣು ಜಾಸ್ತಿ, ಇನ್ನೊಂದು ಕಡೆ ಹೊಸ ಗಡ್ಡೆ ಬರುವ ಸಾಧ್ಯತೆಯೂ ಹೆಚ್ಚು. ಕಾರಣ ಹೇಳದೆ ಚೀಲ ಬಚ್ಚಿಟ್ಟರೆ ಪಕ್ಕದ ಮನೆಯಿಂದ ಇಸ್ಕೊಂಡು ಹಾಕ್ತಾರೆ.

ಬಾಯಿ ತೆರೆಯುವ ವ್ಯಾಯಾಮವೂ ಅಷ್ಟೇ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಟ್ಟು, ವೈದ್ಯರು ಹೇಳಿದ ದಿನದಿಂದ ದಿನಕ್ಕೆ ಹಲವು ಸಲ ಮಾಡಬೇಕು. ಆಗಾಗ ಒಂದು ಕಡ್ಡಿ ಜಾಸ್ತಿ ಮಾಡುತ್ತಾ ಹೋಗಬೇಕು. ನೋಯುತ್ತೆ. ಬಿಟ್ಟರೆ ದವಡೆ ಬಿಗಿದು, ಆಮೇಲೆ ಮುದ್ದೆ ನುಂಗೋದಿರಲಿ, ಚಮಚ ಕೂಡ ಒಳಗೆ ಹೋಗಲ್ಲ.

ಬಾಯಿ ಮುಕ್ಕಳಿಸೋಕೆ: ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಎರಡು ಮೂರು ಗಂಟೆಗೊಮ್ಮೆ ಮುಕ್ಕಳಿಸಿ ಉಗೀಬೇಕು, ನುಂಗಬಾರದು. ದಿನಾ ಹೊಸದು ಮಾಡಿ. ಊಟಕ್ಕೆ ಖಾರ, ಹುಳಿ, ಬಿಸಿ ಬೇಡ. ರಾಗಿ ಗಂಜಿ ತೆಳ್ಳಗೆ, ಬೇಳೆ ಕಟ್ಟು, ಹಾಲು, ಮೆತ್ತಗೆ ಬೆಂದ ಮೊಟ್ಟೆ. ಹುಳಿ ಮಜ್ಜಿಗೆ ಉರಿಸುತ್ತೆ.

ಗುಡಿಬಂಡೆ:

ಪ್ರಶ್ನೆ ಸ್ವಲ್ಪ ಬೇರೆ. ಮರೆವಿನ ಕಾಯಿಲೆ ಇರುವ ಹಿರಿಯರು ತೀರಿಹೋದ ಗಂಡನನ್ನು "ಎಲ್ಲಿ ಹೋದ್ರು, ಇನ್ನೂ ಬರಲಿಲ್ಲವಲ್ಲ" ಅಂತ ದಿನಾ ಕೇಳಿದರೆ, ಅಲ್ಲೂ ಸತ್ಯವೇ ಹೇಳಬೇಕಾ?

ಓಪಿಡಿ ಟಿಪ್ಪಣಿ:

ಅಲ್ಲಿ ಲೆಕ್ಕ ಬೇರೆ. ಕ್ಯಾನ್ಸರ್ ರೋಗಿ ಸುದ್ದಿ ಕೇಳಿ, ನೆನಪಿಟ್ಟುಕೊಂಡು, ಅದರ ಮೇಲೆ ತೀರ್ಮಾನ ತಗೊಳ್ತಾರೆ. ಮರೆವು ಮುಂದುವರಿದವರಿಗೆ ಸುದ್ದಿ ಉಳಿಯೋದಿಲ್ಲ, ದುಃಖ ಮಾತ್ರ ಪ್ರತಿ ಸಲವೂ ಹೊಸದು. ದಿನಕ್ಕೆ ನಾಲ್ಕು ಸಲ ಗಂಡನ ಸಾವಿನ ಸುದ್ದಿ ಕೇಳಿಸೋದರಿಂದ ಯಾವ ಉಪಯೋಗವೂ ಇಲ್ಲ. ಹಾಗಂತ "ಸಂಜೆ ಬರ್ತಾರೆ" ಅಂತ ಕಟ್ಟುಕಥೆ ಬೇಕಾಗಿಲ್ಲ, ಸಂಜೆ ಬಾಗಿಲಲ್ಲಿ ಕಾಯ್ತಾ ಕೂರ್ತಾರೆ. "ಅವರ ನೆನಪಾಯ್ತಾ ಅಜ್ಜಿ? ತಾತ ಹೇಗಿದ್ರು ಹೇಳಿ" ಅಂತ ಮಾತಿನ ಹಿಂದಿರುವ ಹಂಬಲಕ್ಕೆ ಉತ್ತರ ಕೊಡಿ. ಮರೆವು ಈಗಷ್ಟೇ ಶುರುವಾಗಿದ್ದು ತಿಳುವಳಿಕೆ ಇನ್ನೂ ಚೆನ್ನಾಗಿದ್ದರೆ ಮಾತ್ರ ಕಾಯಿಲೆಯ ಹೆಸರನ್ನೂ ಮುಂದಿನದನ್ನೂ ಅವರಿಗೇ ಹೇಳಬೇಕು, ಯಾಕಂದ್ರೆ ಕಾಗದಪತ್ರ ಸರಿಮಾಡಿಕೊಳ್ಳುವ ಕಾಲ ಅದೇ.

ಮಾವಿನಸುಗ್ಗಿ, ಚಿಂತಾಮಣಿ:

ಮೇಲಿನದೆಲ್ಲ ಓದಿದೆ. ಅಪ್ಪಣೆ ಕೇಳುವ ಪ್ರಶ್ನೆ ಚೆನ್ನಾಗಿದೆ, ಅದಕ್ಕೆ ತಕರಾರಿಲ್ಲ. ಆದರೆ ಗಂಡುಮಕ್ಕಳು ಈಗಾಗಲೇ ಒಂದು ಸುಳ್ಳು ಹೇಳಿಯಾಗಿದೆ. ಸೊಸೆ ಹೋಗಿ ನಿಜ ಹೇಳಿದರೆ ನಾಳೆ ಏನೇ ಆದರೂ "ನೀನು ಹೇಳಿದ್ದರಿಂದಲೇ ಅಮ್ಮ ಕುಗ್ಗಿಹೋದರು" ಅಂತ ಅವಳ ತಲೆಗೆ ಕಟ್ತಾರೆ. ನಮ್ಮ ಮನೆಗಳಲ್ಲಿ ಇದು ಆಗಿಯೇ ಆಗುತ್ತೆ. ಅದಕ್ಕೇನು ದಾರಿ?

ಬಿಳಿಸೀರೆ, ಕೋಲಾರ:

ಇದು ಸರಿಯಾದ ಪ್ರಶ್ನೆ. ಸೊಸೆ ಒಬ್ಬಳೇ ಹೇಳಬಾರದು. ಮೊದಲು ಅತ್ತೆ ಇಲ್ಲದ ಕಡೆ ಗಂಡುಮಕ್ಕಳು, ಮಗಳು, ಸೊಸೆ ಕೂತ್ಕೊಳ್ಳಲಿ. ಗಂಡುಮಕ್ಕಳಿಗೆ "ನೀವು ತಪ್ಪು ಮಾಡ್ತಿದ್ದೀರ" ಅನ್ನಬೇಡಿ, "ಹೇಳಿದರೆ ಏನಾಗಬಹುದು ಅಂತ ನಿಮಗೆ ಭಯ?" ಅಂತ ಕೇಳಿ. ಊಟ ಬಿಡ್ತಾರೆ, ಚಿಕಿತ್ಸೆ ಬೇಡ ಅಂತಾರೆ, ಮನಸ್ಸು ಒಡೆಯತ್ತೆ, ಹೀಗೆ ಬರುವ ಒಂದೊಂದು ಭಯಕ್ಕೂ ಏನು ಮಾಡೋದು ಅಂತ ಅಲ್ಲೇ ಮಾತಾಡಿ. ದುಡ್ಡಿನ ಭಯಕ್ಕೆ ಉತ್ತರ: ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಅಮ್ಮನಿಗೆ ಕಾಯಿಲೆ ಹೇಳುವ ದಿನವೇ "ತೋಟ ಮಾರೋದಿಲ್ಲ" ಅಂತಲೂ ಹೇಳಿ, ಅವರ ಮನಸ್ಸಿನಲ್ಲಿ ಓಡ್ತಿರೋದು ಅದೇ. ಮನಸ್ಸಿನ ಭಯಕ್ಕೆ ಟೆಲಿ ಮಾನಸ್ 14416 ಇದೆ, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ, ಮನೆಯವರೂ ಕರೆ ಮಾಡಬಹುದು.

ಹೇಳೋದನ್ನು ಅಮ್ಮ ಯಾರ ಮಾತು ನಂಬ್ತಾರೋ ಆ ಮಗನೇ ಹೇಳಲಿ, ಇಲ್ಲಾ ವೈದ್ಯರೇ ಹೇಳಲಿ, ಮಗ ಪಕ್ಕದಲ್ಲಿರಲಿ. ಹಿಂದೆ ಹೇಳಿದ್ದಕ್ಕೆ: "ಆವತ್ತು ನಮಗೇ ಹೆದರಿಕೆಯಾಗಿ ಪೂರ್ತಿ ಹೇಳಲಿಲ್ಲಮ್ಮಾ." ಅಷ್ಟು ಸಾಕು. ಅಲ್ಲಿಯವರೆಗೆ ಸೊಸೆ ಸುಳ್ಳು ಹೇಳೋದು ಬೇಡ. ಅತ್ತೆ ಕೇಳಿದರೆ "ನೀವು ಕೇಳಿದ್ದು ಒಳ್ಳೇದೇ ಆಯ್ತು, ನಿಮ್ಮ ಮಗನ ಜೊತೆ ಕೂತು ಡಾಕ್ಟ್ರ ಹತ್ರಾನೇ ಕೇಳೋಣ" ಅಂತ ಹೇಳಿ ದಿನ ಗೊತ್ತುಮಾಡಲಿ. ಆ ದಿನ ತಪ್ಪಿಸಬಾರದು.

ಮೊಮ್ಮಕ್ಕಳಿಗೂ ಎರಡು ಮಾತು ಹೇಳಿ: ಅಜ್ಜಿಗೆ ಕ್ಯಾನ್ಸರ್, ಅಂಟೋ ಕಾಯಿಲೆ ಅಲ್ಲ. ಇಲ್ಲದಿದ್ದರೆ ಅಜ್ಜಿಯ ಲೋಟ ಮುಟ್ಟಬೇಡಿ ಅಂತ ಯಾರೋ ಅವರಿಗೆ ಹೇಳಿಕೊಡ್ತಾರೆ, ಅಜ್ಜಿ ಅದನ್ನ ನೋಡ್ತಾರೆ.

ಅಂತರಗಂಗೆ, ಕೋಲಾರ:

ಚಿಕಿತ್ಸೆ ಫಲಿಸದೆ ಹೋದರೆ ಏನು ಅನ್ನೋದನ್ನೂ ಯಾರಾದರೂ ಬರೀಬೇಕಿತ್ತು, ಬರೀತೀನಿ. ಆ ಹಂತದಲ್ಲಿ ಮುಚ್ಚಿಟ್ಟರೆ ಮೊದಲು ಪೆಟ್ಟು ಬೀಳೋದು ನೋವಿನ ಔಷಧಿಗೆ. ಮಾರ್ಫಿನ್ ಮಾತ್ರೆ ಬರೆದುಕೊಟ್ಟರೆ "ಅದು ಕೊನೆಯ ಮಾತ್ರೆ, ಅಮ್ಮನಿಗೆ ಗೊತ್ತಾಗಿಬಿಡತ್ತೆ" ಅಂತ ಮಕ್ಕಳು ತಗೊಂಡು ಹೋಗೋದೇ ಇಲ್ಲ, ಇಲ್ಲಾ ನೋವು ತಡೆಯೋಕಾಗದಾಗ ಮಾತ್ರ ಕೊಡ್ತಾರೆ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ; ನೋವು ಮರಳುವ ಮುಂಚೆ, ವೈದ್ಯರು ಬರೆದ ಹೊತ್ತಿಗೇ ಕೊಡಬೇಕು. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಆಯಸ್ಸು ಕಮ್ಮಿಯಾಗೋದಿಲ್ಲ. ಮಲಬದ್ಧತೆ ಮಾತ್ರ ಬಹುತೇಕ ಎಲ್ಲರಿಗೂ ಆಗುತ್ತೆ, ಹಾಗಾಗಿ ಮಲ ಸಲೀಸಾಗಿ ಹೋಗುವ ಔಷಧಿಯೂ ಮೊದಲ ದಿನದಿಂದಲೇ ಬೇಕು. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳೋದು ಸುಲಭವಾಗಿದೆ.

ಮನೆಯಲ್ಲಿ ನೋಡಿಕೊಳ್ಳೋಕಾಗದಿದ್ದರೆ ಬೆಂಗಳೂರಿನ ಮಾರತಹಳ್ಳಿಯಲ್ಲಿ ಕರುಣಾಶ್ರಯ ಇದೆ. ಮುಂದುವರಿದ ಕ್ಯಾನ್ಸರ್ ಇರುವವರಿಗೆ ಉಚಿತ ಆರೈಕೆ. ಚಿಕಿತ್ಸೆಯ ಕಾಗದಗಳು, ವೈದ್ಯರ ಪತ್ರ ಜೊತೆಗಿರಲಿ, ಹೋಗುವ ಮುಂಚೆ ಫೋನ್ ಮಾಡಿ ಹಾಸಿಗೆ ಖಾಲಿ ಇದೆಯಾ ಕೇಳಿ. ಅಲ್ಲಿಗೂ ಸುಳ್ಳು ಹೇಳಿ ಕರ್ಕೊಂಡು ಹೋಗಬೇಡಿ. "ನೋವು ಕಮ್ಮಿ ಮಾಡೋ ಜಾಗ, ನಾನೂ ಜೊತೆಗಿರ್ತೀನಿ" ಅನ್ನೋದು ನಿಜವೇ ತಾನೇ.

ತೋಪಿನಮನೆ:

ಎಲ್ಲರಿಗೂ ನಮಸ್ಕಾರ. ಸೊಸೆಗೆ, ಮಗಳಿಗೆ ಓದಿಸಿದ್ದೇನೆ. ಭಾನುವಾರ ಅಣ್ಣತಮ್ಮಂದಿರನ್ನು ಕೂರಿಸ್ತಾರಂತೆ. ವೈದ್ಯರ ಹತ್ತಿರ ಹೋಗುವ ದಿನ ಏನೇನು ಕೇಳಬೇಕು?

ಓಪಿಡಿ ಟಿಪ್ಪಣಿ:

ಒಂದು ಚೀಟಿಯಲ್ಲಿ ಬರ್ಕೊಂಡು ಹೋಗಿ. ಯಾವ ಹಂತ, ಕತ್ತಿನ ಗಂಟಿಗೆ ಹರಡಿದೆಯಾ? ಆಪರೇಷನ್ ವಾಸಿ ಮಾಡೋಕಾ, ತೊಂದರೆ ಕಮ್ಮಿ ಮಾಡೋಕಾ? ದವಡೆ ಎಷ್ಟು ಹೋಗತ್ತೆ, ಮುಖ ಹೇಗೆ ಕಾಣತ್ತೆ, ನಳಿಕೆ ಎಷ್ಟು ದಿನ? ಒಳಗೆ ಹೋದ ತಕ್ಷಣ ವೈದ್ಯರಿಗೆ ಒಂದು ಮಾತು ಹೇಳಿಬಿಡಿ: "ಅಮ್ಮನಿಗೆ ಎಷ್ಟು ತಿಳ್ಕೋಬೇಕು ಅಂತ ಅವರನ್ನೇ ಕೇಳಿ, ಸಾರ್." ಮನೆಯಲ್ಲಿ ತೆಲುಗು ಮಾತಾಡೋರಾದರೆ ಮುಖ್ಯವಾದ್ದನ್ನು ತೆಲುಗಲ್ಲಿ ಇನ್ನೊಂದು ಸಲ ಹೇಳೋಕೆ ಮಗಳು ಪಕ್ಕದಲ್ಲಿರಲಿ. ಬಯಾಪ್ಸಿ ವರದಿ, ಸ್ಕ್ಯಾನ್, ಆಧಾರ್, ರೇಷನ್ ಕಾರ್ಡ್ ಮೂಲ ಪ್ರತಿ ಮತ್ತು ಎರಡೆರಡು ಜೆರಾಕ್ಸ್ ಇರಲಿ. ಫೈಲನ್ನು ಅಮ್ಮನ ಕೈಯಲ್ಲೇ ಕೊಡಿ.